ಜೀವಶಾಸ್ತ್ರ ಕಲಿಯುವವರಿಗೆ ಲೆಕ್ಕ ಬೇಡವೇ?

ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನದಿಂದ ನಮ್ಮ ಮನೆಯ ಜಗಲಿಗೆ ಹೆತ್ತವರು ಬರತೊಡಗುವುದು ಪ್ರತಿವರ್ಷದ ವಾಡಿಕೆ. ಎಷ್ಟು ಎ ಪ್ಲಸ್ ಬಂತು ಎಂಬ ಮಾತು ಮುಗಿದು, ಬೆಲ್ಲ ನೀರು ಕುಡಿದಾದ ಮೇಲೆ ಮುಖ್ಯ ವಿಷಯ ಹೊರಗೆ ಬರುತ್ತದೆ. "ಮಾಸ್ಟ್ರೇ, ಇವಳಿಗೆ ಬಯಾಲಜಿ ಕೊಡಿಸಬೇಕೂಂತ ಉಂಟು. ಲೆಕ್ಕ ಒಂದು ತಲೆಗೆ ಹೋಗುವುದಿಲ್ಲ. ಡಾಕ್ಟರಿಗೆ ಕಲಿಯುವವರಿಗೆ ಲೆಕ್ಕ ಬೇಡವಲ್ಲ?"

ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ನಾವು ಕೊಡುತ್ತಾ ಬಂದ ಉತ್ತರ ಒಂದೇ. "ಬೇಡ. ಪಾಸಾಗುವಷ್ಟು ಕಲಿತರೆ ಸಾಕು." ಹೆತ್ತವರಿಗೆ ಸಮಾಧಾನ, ಮಗುವಿನ ಮುಖದಲ್ಲಿ ನಗು. ಆ ಉತ್ತರ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ. ನಾವು ಟಿ.ಸಿ.ಎಚ್. ಮಾಡಿ ಶಾಲೆಯ ಮೆಟ್ಟಿಲು ಹತ್ತಿದವರು. ಉನ್ನತ ಗಣಿತದ ಪಂಡಿತರಲ್ಲ. ಆದರೆ ಮಕ್ಕಳಿಗೆ ದಾರಿ ಹೇಳುವ ಸ್ಥಾನದಲ್ಲಿ ಕುಳಿತ ಮೇಲೆ ದಾರಿ ಎಲ್ಲಿಗೆ ಹೋಗುತ್ತದೆಂದು ತಿಳಿದಿರಬೇಕಾದುದು ನಮ್ಮ ಕರ್ತವ್ಯ.

ತಪ್ಪು ಎಲ್ಲಿಂದ ಹುಟ್ಟಿತು?

ಕೇರಳದ ಹಯರ್ ಸೆಕೆಂಡರಿಯಲ್ಲಿ ಜೀವಶಾಸ್ತ್ರ ಬೇಕೆನ್ನುವ ಬಹುಪಾಲು ಮಕ್ಕಳಿಗೆ ಗಣಿತವೂ ಜೊತೆಯಲ್ಲೇ ಬರುತ್ತದೆ. ತಲಪಾಡಿ ದಾಟಿ ಮಂಗಳೂರಿನ ಪಿ.ಯು. ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳಲ್ಲೂ ಹಲವರು ನಾಲ್ಕು ವಿಷಯಗಳನ್ನೂ ಓದುವವರೇ. ಆದುದರಿಂದ ಮೇಲ್ನೋಟಕ್ಕೆ ಗಣಿತ ಬಿಟ್ಟುಹೋಗಿಲ್ಲ, ಬಿಟ್ಟುಹೋಗಿರುವುದು ಮನಸ್ಸಿನಿಂದ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ 720 ಅಂಕಗಳು. 360 ಜೀವಶಾಸ್ತ್ರಕ್ಕೆ, 180 ಭೌತಶಾಸ್ತ್ರಕ್ಕೆ, 180 ರಸಾಯನಶಾಸ್ತ್ರಕ್ಕೆ. ಗಣಿತಕ್ಕೆ ಸೊನ್ನೆ. ಪರೀಕ್ಷೆ ಕೇಳದ ವಿಷಯವನ್ನು ಓದುವವರಾರು? ಪ್ಲಸ್ ಟು ಗಣಿತದ ಪುಸ್ತಕದಲ್ಲಿ ಅವಕಲನ, ಅನುಕಲನದ ಅಧ್ಯಾಯಗಳು ಬರುವ ಹೊತ್ತಿಗೆ ಬಯಾಲಜಿಯ ಮಕ್ಕಳು ಬೆಂಚಿನ ಅಡಿಯಲ್ಲಿ ನೀಟ್ ಗೈಡು ತೆರೆದಿರುತ್ತಾರೆ.

ಆದರೆ ನೀಟ್ ಬರೆದವರೆಲ್ಲ ವೈದ್ಯರಾಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸೀಟು ಸಿಗದ ಮಕ್ಕಳು ಎಲ್ಲಿ ಹೋಗುತ್ತಾರೆ? ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೀವತಂತ್ರಜ್ಞಾನ, ಕೃಷಿ, ಮೀನುಗಾರಿಕೆ, ಅರಣ್ಯಶಾಸ್ತ್ರ. ಅಲ್ಲೆಲ್ಲ ಒಂದಲ್ಲ ಒಂದು ಬಾಗಿಲಲ್ಲಿ ಗಣಿತ ಕಾದು ಕುಳಿತಿದೆ.

2006 ರಲ್ಲಿ ಪುಣೆ ಮತ್ತು ಕೋಲ್ಕತಾಗಳಲ್ಲಿ ಆರಂಭವಾಗಿ, 2008 ರಲ್ಲಿ ತಿರುವನಂತಪುರಕ್ಕೂ ಬಂದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನೇ ತೆಗೆದುಕೊಳ್ಳೋಣ. ಅವುಗಳ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆಗಳು; ಜೀವಶಾಸ್ತ್ರ, ರಸಾಯನ, ಭೌತ, ಗಣಿತ — ಒಂದೊಂದಕ್ಕೆ ಹದಿನೈದರಂತೆ. ಜೀವಶಾಸ್ತ್ರದಲ್ಲಿ ಎಷ್ಟೇ ಜಾಣರಾದರೂ ಕಾಲುಭಾಗ ಗಣಿತದ ಕೈಯಲ್ಲಿ. ಒಳಗೆ ಹೋದ ಮೇಲೂ ಆರಂಭದ ಸೆಮಿಸ್ಟರುಗಳಲ್ಲಿ ಗಣಿತದ ಪಾಠ ತಪ್ಪಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011 ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲೂ ಜೀವಶಾಸ್ತ್ರಕ್ಕೆ ಹೋಗುವವರು ಮೊದಲು ಕಲನಶಾಸ್ತ್ರ ಕಲಿತೇ ಮುಂದೆ ಹೋಗಬೇಕು. ಕೃಷಿ ಪದವಿಯನ್ನು ನೋಡಿ. ಐದನೆಯ ಡೀನರ ಸಮಿತಿಯ ಪಠ್ಯಕ್ರಮದಲ್ಲಿ ಪ್ಲಸ್ ಟುವಿನಲ್ಲಿ ಗಣಿತ ಓದದೆ ಬಂದವರಿಗಾಗಿಯೇ ಪ್ರಾಥಮಿಕ ಗಣಿತದ ಒಂದು ಪಾಠವನ್ನು ಇಟ್ಟಿದ್ದರು. ಸರಳರೇಖೆ, ವೃತ್ತ, ಅವಕಲನ, ಅನುಕಲನ, ಮಾತೃಕೆಗಳು — ಎಲ್ಲ ಅದರಲ್ಲಿ. ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲೇ ಕೃಷಿ ಕಾಲೇಜು ಇದೆ. ನಮ್ಮವರಿಗೆ ಇದು ದೂರದ ಮಾತಲ್ಲ.

ಒಬ್ಬಳು ಫೋನ್ ಮಾಡಿದಳು

ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಮಾಧ್ಯಮದ ತರಗತಿಯಿಂದ ಹೊರಬಂದ ಹುಡುಗಿಯೊಬ್ಬಳು ಪ್ಲಸ್ ಟು ಮುಗಿಸಿ, ಎಂ.ಬಿ.ಬಿ.ಎಸ್. ಸೀಟು ಸಿಗದೆ, ಹೊರಜಿಲ್ಲೆಯ ಒಂದು ದೊಡ್ಡ ವಿಜ್ಞಾನ ಸಂಸ್ಥೆಗೆ ಸೇರಿದಳು. ಅಡಿಕೆ ತೋಟದವರ ಮಗಳು. ಮನೆಮಾತು ತುಳು, ಶಾಲೆಯ ಮಾತು ಕನ್ನಡ, ಬಸ್ಸಿನಲ್ಲೂ ಕಚೇರಿಯಲ್ಲೂ ಮಲಯಾಳ, ಪ್ಲಸ್ ಒನ್‌ನಿಂದ ಪುಸ್ತಕವೆಲ್ಲ ಇಂಗ್ಲಿಷ್. ಊರಿನವರು ಸನ್ಮಾನ ಮಾಡಿ ಕಳುಹಿಸಿದ್ದರು. ಸಪ್ಟೆಂಬರಿನ ಒಂದು ರಾತ್ರಿ ಅವಳ ಫೋನ್ ಬಂತು.

"ಸರ್, ನಾನು ಬಯಾಲಜಿಗೆಂದು ಬಂದವಳು. ಇಲ್ಲಿ ಕ್ಯಾಲ್ಕುಲಸ್ ಮಾಡಿಸುತ್ತಿದ್ದಾರೆ. ಮೊದಲ ಪರೀಕ್ಷೆಯಲ್ಲಿ ಮೂವತ್ತಕ್ಕೆ ಏಳು ಬಂತು. ಬಿಟ್ಟು ಊರಿಗೆ ಬರುವುದೋ ಅಂತ ಯೋಚನೆ ಮಾಡುತ್ತಿದ್ದೇನೆ."

ಪೂಜೆಯ ರಜೆಗೆ ಬರುವವರೆಗೆ ಏನೂ ತೀರ್ಮಾನ ಮಾಡಬೇಡ ಎಂದೆವು. ಬಂದಳು, ನೋಟು ಪುಸ್ತಕ ಸಹಿತ. ಅದರ ಅರ್ಧಾಂಶ ನಮಗೂ ಅರ್ಥವಾಗಲಿಲ್ಲವೆಂದು ಹೇಳಲು ಸಂಕೋಚವಿಲ್ಲ. ಒಂದು ಪುಟದಲ್ಲಿ ಸಮೀಕರಣವೊಂದಿತ್ತು. ಅದರ ಅವಕಲನ ಮಾಡುವ ಕ್ರಮ ಅವಳಿಗೆ ಬಾಯಿಪಾಠ. ನಮ್ಮ ಕಣ್ಣೆದುರೇ ಮಾಡಿ ತೋರಿಸಿದಳು. "ಸರಿ, ಈ ಉತ್ತರ ಏನು ಹೇಳುತ್ತದೆ ಮಗಳೇ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅದು ಗೊತ್ತಿಲ್ಲ ಸರ್. ಸೂತ್ರ ಗೊತ್ತುಂಟು."

ಆ ಮಾತು ನಮಗೆ ಚುಚ್ಚಿತು. ಸೂತ್ರ ಕಲಿಸಿ ಅರ್ಥ ಕಲಿಸದೆ ಕಳುಹಿಸಿದವರು ಯಾರು? ಪ್ಲಸ್ ಟುವಿನ ಅಧ್ಯಾಪಕರ ಮೇಲೆ ಹಾಕಿ ನಾವು ಕೈತೊಳೆದುಕೊಳ್ಳಬಹುದು. ಆದರೆ ಎಂಟರಿಂದ ಹತ್ತರವರೆಗೆ ಅವಳಿಗೆ ಲೆಕ್ಕ ಹೇಳಿಕೊಟ್ಟವರು ನಾವೇ. "ಹೀಗೆ ಮಾಡು, ಮಾರ್ಕು ಬರುತ್ತದೆ" ಎಂದು ಹೇಳಿಕೊಟ್ಟದ್ದೂ ನಾವೇ.

ಕೊಳೆರೋಗದ ಲೆಕ್ಕ

ಅಷ್ಟರಲ್ಲಿ ಅವಳ ತಂದೆ ತೋಟದಿಂದ ಬಂದರು. ಆ ವರ್ಷ ಮಳೆ ಬಿಡದೆ ಕೊಳೆರೋಗ ಬಿದ್ದಿತ್ತು. "ಮೊದಲು ನಾಲ್ಕು ಮರದಲ್ಲಿ ಕಂಡಾಗಲೇ ಮದ್ದು ಬಿಡಬೇಕಿತ್ತು ಮಾಸ್ಟ್ರೇ. ಜನ ಸಿಗಲಿಲ್ಲ. ಆಮೇಲೆ ನೋಡನೋಡುತ್ತಾ ತೋಟವೆಲ್ಲ ಹಬ್ಬಿತು" ಎಂದರು. ಅವರು ಹೇಳಿದ್ದೇ ಆ ಪುಟದಲ್ಲಿದ್ದ ಸಮೀಕರಣ!

ಓದುಗರೂ ಕಾಗದ ಪೆನ್ನು ಹಿಡಿದು ಮಾಡಿ ನೋಡಬಹುದು. ಒಂದು ತೋಟದಲ್ಲಿ 1,000 ಮರಗಳಿವೆಯೆಂದು ಇಟ್ಟುಕೊಳ್ಳೋಣ. ರೋಗ ಹರಡಬೇಕಾದರೆ ರೋಗ ತಗಲಿದ ಮರವೂ ಬೇಕು, ರೋಗವಿಲ್ಲದ ಮರವೂ ಬೇಕು. ಆದುದರಿಂದ ರೋಗ ಹರಡುವ ವೇಗ ಈ ಎರಡು ಸಂಖ್ಯೆಗಳ ಗುಣಲಬ್ಧವನ್ನು ಹೊಂದಿಕೊಂಡಿದೆ. ರೋಗದ ಮರ 10 ಇದ್ದಾಗ 10 ನ್ನು 990 ರಿಂದ ಗುಣಿಸಿದರೆ 9,900. ರೋಗದ ಮರ 100 ಆದಾಗ 100 ನ್ನು 900 ರಿಂದ ಗುಣಿಸಿದರೆ 90,000. 500 ಆದಾಗ 2,50,000. ಅಲ್ಲಿಂದ ಮುಂದೆ 900 ಆದಾಗ ಮತ್ತೆ 90,000. 990 ಆದಾಗ ಮತ್ತೆ 9,900. ಅಂದರೆ ರೋಗ ಮೊದಲು ನಿಧಾನವಾಗಿ, ಆಮೇಲೆ ನಾಗಾಲೋಟದಲ್ಲಿ, ಕೊನೆಗೆ ಹಿಡಿಯಲು ಮರವೇ ಉಳಿಯದೆ ಮತ್ತೆ ನಿಧಾನವಾಗಿ ಹರಡುತ್ತದೆ. ಅತ್ಯಂತ ವೇಗ ಇರುವುದು ಸರಿಯಾಗಿ ಅರ್ಧ ತೋಟ ಹಾಳಾದಾಗ. ಎರಡು ಸಂಖ್ಯೆಗಳ ಮೊತ್ತ ಬದಲಾಗದಿದ್ದರೆ ಅವು ಸಮವಾಗಿದ್ದಾಗಲೇ ಗುಣಲಬ್ಧ ಅತಿ ಹೆಚ್ಚು ಎಂಬುದು ಹೈಸ್ಕೂಲಿನ ಬೀಜಗಣಿತವೇ ಹೊರತು ಬೇರೇನಲ್ಲ.

ಕೊಳೆರೋಗ ಮಳೆ, ಗಾಳಿ, ಬಿಸಿಲು, ನೆರೆತೋಟದವನ ಉದಾಸೀನ — ಇವನ್ನೆಲ್ಲ ಹೊಂದಿಕೊಂಡಿರುವುದು ನಿಜ. ಲೆಕ್ಕದಲ್ಲಿ ಅವೆಲ್ಲ ಸೇರಿಲ್ಲ. ಆದರೂ ನೂರು ಕೆ.ಜಿ. ಮೈಲುತುತ್ತು ತಂದಿಟ್ಟುಕೊಂಡು ರೋಗ ಕಂಡ ಮೇಲೆ ನೋಡೋಣ ಎನ್ನುವವನು ಯಾಕೆ ಸೋಲುತ್ತಾನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ರೋಗದ ವೇಗ ಕಡಿಮೆ ಇರುವಾಗ ಬೀಳುವ ಒಂದು ಸಿಂಪಡಣೆ, ವೇಗ ಏರಿದ ಮೇಲೆ ಬೀಳುವ ಹತ್ತಕ್ಕೆ ಸಮ. ಬೆಲ್ಜಿಯಂನ ವೆರ್‌ಹುಲ್ಸ್ಟ್ ಎಂಬ ಗಣಿತಜ್ಞ 1838 ರಲ್ಲಿ ಜನಸಂಖ್ಯೆಯ ಬೆಳವಣಿಗೆಗೆಂದು ಬರೆದಿಟ್ಟ ಸಮೀಕರಣ ಇದೇ. ಅದನ್ನು ಓದಿರದ ನಮ್ಮ ರೈತರು ಅನುಭವದಿಂದ ಅದನ್ನು ತಿಳಿದಿದ್ದಾರೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದಳು. ತಂದೆ ಅದನ್ನು ತೋಟದಿಂದ ಹೊತ್ತು ತಂದಿದ್ದರು. ಎರಡೂ ಒಂದೇ ಎಂದು ಹೇಳುವ ಕೆಲಸ ಮಾತ್ರ ಯಾರೂ ಮಾಡಿರಲಿಲ್ಲ.

ಅವಕಲನವೆಂದರೆ ಇಷ್ಟೇ: ಒಂದು ವಸ್ತು ಈ ಕ್ಷಣದಲ್ಲಿ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬುದರ ಲೆಕ್ಕ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ಐವತ್ತು ಕಿಲೋಮೀಟರು. ಬಸ್ಸು ಒಂದೂವರೆ ಗಂಟೆಯಲ್ಲಿ ಹೋದರೆ ಸರಾಸರಿ ವೇಗ ಗಂಟೆಗೆ ಮೂವತ್ತಮೂರು. ಆದರೆ ಕುಂಬಳೆ ಪೇಟೆಯಲ್ಲಿ ತೆವಳುವ ಬಸ್ಸು ಹೊಸಂಗಡಿ ದಾಟಿದ ಮೇಲೆ ಹಾರುತ್ತದೆ. ಡ್ರೈವರನ ಎದುರಿನ ಮುಳ್ಳು ತೋರಿಸುವುದು ಸರಾಸರಿಯನ್ನಲ್ಲ, ಆ ಕ್ಷಣದ ವೇಗವನ್ನು. ಅದೇ ಅವಕಲನ. ಮಳೆ ಪ್ರತಿ ಗಂಟೆಗೆ ಎಷ್ಟೆಷ್ಟು ಬಿತ್ತೆಂದು ತಿಳಿದಿದ್ದು, ಅದನ್ನೆಲ್ಲ ಕೂಡಿಸಿ ಈ ಮಳೆಗಾಲದಲ್ಲಿ ಒಟ್ಟು ಎಷ್ಟಾಯಿತೆಂದು ಹೇಳಿದರೆ ಅದು ಅನುಕಲನ. ಮೂರು ದಿನ ಜಗಲಿಯಲ್ಲಿ ಕುಳಿತು ನಾವು ಮಾಡಿದ್ದು ಇಂತಹ ಲೆಕ್ಕಗಳನ್ನೇ. ಉಳಿದದ್ದನ್ನು ಅವಳೇ ಮಾಡಿಕೊಂಡಳು. ಮುಂದಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಹತ್ತೊಂಬತ್ತು ಬಂತು. ಪ್ರಥಮ ಸ್ಥಾನವೇನಲ್ಲ, ಆದರೆ ಊರಿಗೆ ಮರಳುವ ಮಾತು ಮತ್ತೆ ಬರಲಿಲ್ಲ.

ಹಾಗೆಂದು ಇದೊಂದು ಸುಖಾಂತ ಕಥೆಯಲ್ಲ. ಅವಳಿಗಿಂತ ಎರಡು ವರ್ಷ ಮೊದಲು ಇಂತಹುದೇ ಕಡೆಗೆ ಹೋಗಿದ್ದ, ಅವಳಷ್ಟೇ ಜಾಣನಾಗಿದ್ದ ಹುಡುಗನೊಬ್ಬ ಯಾರಿಗೂ ಫೋನ್ ಮಾಡಲಿಲ್ಲ. ಒಂದು ವರ್ಷ ಕಳೆದು ಗಣಿತದಲ್ಲಿ ಬಿದ್ದು, ಸದ್ದಿಲ್ಲದೆ ಊರಿಗೆ ಬಂದ. ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ನಮ್ಮನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ. ಅವನಿಗೂ ಹತ್ತನೆಯ ತರಗತಿಯ ನಂತರ ನಾವು ಹೇಳಿದ್ದು, "ಪಾಸಾಗುವಷ್ಟು ಕಲಿತರೆ ಸಾಕು" ಎಂದೇ.

ರೋಗವೂ ಗಣಿತವೂ

ವೈದ್ಯರು ರೋಗಿಯ ನಾಡಿ ಹಿಡಿದು ಅವಕಲನ ಮಾಡುತ್ತಾರೆಯೇ ಎಂದು ಕೆಲವರು ಕೇಳಬಹುದು. ಮಾಡುವುದಿಲ್ಲ. ಆದರೆ ಅವರು ಬರೆದುಕೊಡುವ ಚೀಟಿಯಲ್ಲಿ ಬೇರೆ ಯಾರೋ ಮಾಡಿಟ್ಟ ಗಣಿತವಿದೆ. ಪ್ಯಾರಾಸಿಟಮಾಲ್ ಮಾತ್ರೆ ಆರೋಗ್ಯವಂತನ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡರಿಂದ ಮೂರು ಗಂಟೆ ಬೇಕು. ಆರು ಗಂಟೆ ಕಳೆದರೆ ಉಳಿಯುವುದು ಕಾಲುಭಾಗ ಅಥವಾ ಅದಕ್ಕೂ ಕಡಿಮೆ. ಆರು ಗಂಟೆಗೊಮ್ಮೆ ಎಂದು ಹೇಳುವುದರ ಹಿಂದಿರುವ ಲೆಕ್ಕ ಇಂತಹುದು. ಮೆಂಡೆಲ್ 5,474 ದುಂಡು ಬಟಾಣಿ, 1,850 ಸುಕ್ಕು ಬಟಾಣಿ ಎಣಿಸಿ, ಭಾಗಿಸಿ, ಮೂರಕ್ಕೆ ಒಂದು ಎಂಬ ಪ್ರಮಾಣವನ್ನು ಕಾಣದೆ ಇದ್ದರೆ ತಳಿಶಾಸ್ತ್ರ ಹುಟ್ಟುತ್ತಿತ್ತೇ?

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಅದೂ ಇದೆ. ಅಲ್ಮೋರಾದಲ್ಲಿ ಹುಟ್ಟಿದ ರೊನಾಲ್ಡ್ ರಾಸ್ 1897 ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡು, 1902 ರಲ್ಲಿ ನೊಬೆಲ್ ಬಹುಮಾನ ಪಡೆದ ಕಥೆಯನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ಆಮೇಲೆ ಅದೇ ರಾಸ್ ಗಣಿತಕ್ಕೆ ಕೈಹಾಕಿ, ಮಲೇರಿಯಾ ತೊಲಗಲು ಕೊನೆಯ ಸೊಳ್ಳೆಯವರೆಗೆ ಕೊಲ್ಲಬೇಕಾಗಿಲ್ಲ, ಒಂದು ಮಟ್ಟದಿಂದ ಕೆಳಗೆ ಇಳಿಸಿದರೆ ಸಾಕು ಎಂದು ಸಮೀಕರಣ ಬರೆದು ತೋರಿಸಿದ ಕಥೆಯನ್ನು ಹೇಳುವುದಿಲ್ಲ. ಭಾರತದಲ್ಲಿ ವೈದ್ಯಾಧಿಕಾರಿಯಾಗಿ ದುಡಿದ ಮೆಕೆಂಡ್ರಿಕ್, ಪ್ರಯೋಗಾಲಯದ ಅಪಘಾತದಲ್ಲಿ ಇಪ್ಪತ್ತಾರರ ಹರೆಯದಲ್ಲೇ ಎರಡೂ ಕಣ್ಣು ಕಳೆದುಕೊಂಡ ಕೆರ್ಮ್ಯಾಕ್ — ಇವರಿಬ್ಬರು 1927 ರಲ್ಲಿ ಸಾಂಕ್ರಾಮಿಕ ರೋಗ ಏರಿ ಇಳಿಯುವ ಬಗೆಯನ್ನು ಸಮೀಕರಣದಲ್ಲಿ ಹಿಡಿದಿಟ್ಟರು. ತಮ್ಮ ಲೆಕ್ಕ ಸರಿಯೋ ಎಂದು ಒರೆಹಚ್ಚಲು ಅವರು ತೆಗೆದುಕೊಂಡದ್ದು 1905-06 ರ ಮುಂಬಯಿಯ ಪ್ಲೇಗಿನ ಸಾವಿನ ಅಂಕಿಅಂಶಗಳನ್ನು. ಕಣ್ಣಿಲ್ಲದವರು ಮಾಡಿದ ಗಣಿತವನ್ನು ಕಣ್ಣಿರುವ ನಮ್ಮ ಮಕ್ಕಳು ಕಷ್ಟವೆಂದು ಬಿಡುವುದು ನ್ಯಾಯವೇ?

ಆ ಗಣಿತ ನಮ್ಮ ಮನೆಬಾಗಿಲಿಗೂ ಬಂತು. 2020 ರ ಫೆಬ್ರವರಿಯಲ್ಲಿ ಭಾರತದ ಮೂರನೆಯ ಕೋವಿಡ್ ಪ್ರಕರಣ ಕಂಡುಬಂದದ್ದು ನಮ್ಮ ಜಿಲ್ಲೆಯಲ್ಲೇ. ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಮಂಜೇಶ್ವರದ ಕಡೆಯ ರೋಗಿಗಳು ಆಂಬುಲೆನ್ಸಿನಲ್ಲೇ ತಡೆಹಿಡಿಯಲ್ಪಟ್ಟರು. ಚಿಕಿತ್ಸೆ ಸಿಗದೆ ತೀರಿಕೊಂಡವರ ಸುದ್ದಿಯನ್ನು ದಿನವೂ ಓದಿದೆವು. ಆ ದಿನಗಳಲ್ಲಿ ಟಿ.ವಿ.ಯಲ್ಲಿ ಏರುವ ಗೆರೆಯೊಂದನ್ನು ತೋರಿಸಿ, ಗೆರೆ ಬಾಗುತ್ತಿದೆಯೋ ಇಲ್ಲವೋ ಎಂದು ಚರ್ಚಿಸುತ್ತಿದ್ದರು. ರೋಗಿಗಳ ಸಂಖ್ಯೆ ಏರುತ್ತಿದ್ದರೂ ಏರುವ ವೇಗ ಕಡಿಮೆಯಾಗುತ್ತಿದೆ ಎಂದರೆ ಏನೆಂದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿತ್ತು? ನಮ್ಮ ಗಡಿ ಮುಚ್ಚುವ ತೆರೆಯುವ ಮಾತಿನ ಹಿಂದೆ ಆ ಗೆರೆಯೂ ಇತ್ತು. ಆ ಗೆರೆಯನ್ನು ಓದಬಲ್ಲವರು ನಮ್ಮ ನಡುವೆ ಹೆಚ್ಚಿರಲಿಲ್ಲ.

ಇನ್ನೊಂದು ನೋವಿನ ಉದಾಹರಣೆ ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಆ ವಿಷಕ್ಕೆ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011 ರಲ್ಲಿ. ಪಡ್ರೆ, ಸ್ವರ್ಗದ ಕಡೆಯ ತಾಯಂದಿರು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ವಿಷ ಮಣ್ಣಿನಿಂದ ಎಂದು ಹೋಗುತ್ತದೆ? ಇದು ಕಲನಶಾಸ್ತ್ರದ ಪ್ರಶ್ನೆ. ಇಂತಹ ವಿಷಗಳು ಇಂತಿಷ್ಟು ಕಾಲಕ್ಕೆ ಅರ್ಧದಂತೆ ಕರಗುತ್ತಾ ಹೋಗುತ್ತವೆ. ಅರ್ಧದ ಅರ್ಧ, ಅದರ ಅರ್ಧ ಎಂದು ಹತ್ತು ಸಲ ಕಳೆದರೆ ಉಳಿಯುವುದು 1,024 ರಲ್ಲಿ ಒಂದು ಪಾಲು. ಪೂರ್ತಿ ಸೊನ್ನೆ ಎಂದೂ ಆಗುವುದಿಲ್ಲ. ಹೊರಗಿನಿಂದ ತಜ್ಞರು ಬಂದು ವರದಿ ಬರೆದರು. ಒಂದು ವರದಿ ಇನ್ನೊಂದನ್ನು ಹೊಡೆದುಹಾಕಿತು. ಆ ಅಂಕಿಗಳನ್ನು ಬಿಡಿಸಿ ನೋಡಿ ನಮ್ಮ ತಾಯಂದಿರಿಗೆ ನಮ್ಮ ಮಾತಿನಲ್ಲಿ ಹೇಳುವವರು ನಮ್ಮ ಮಕ್ಕಳೇ ಆಗಿರುತ್ತಿದ್ದರೆ ಎಂದು ಅನೇಕ ಸಲ ಅನಿಸಿದೆ.

ಭಾಷೆಯ ಪ್ರಶ್ನೆ

"ಹಾಗಾದರೆ ಒಂದನೆಯ ಕ್ಲಾಸಿನಿಂದಲೇ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರೆ ಆಯಿತಲ್ಲ ಮಾಸ್ಟ್ರೇ" ಎನ್ನುವವರಿದ್ದಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಆ ಹುಡುಗಿ ಸೋತದ್ದು ಇಂಗ್ಲಿಷಿನಲ್ಲಲ್ಲ. ಸೂತ್ರವನ್ನು ಇಂಗ್ಲಿಷಿನಲ್ಲೇ ಸರಿಯಾಗಿ ಬರೆದಿದ್ದಳು. ಸೋತದ್ದು ಅರ್ಥದಲ್ಲಿ. ಅರ್ಥ ಹತ್ತಿದ್ದು ತಂದೆಯ ಮಾತಿನಿಂದ, ಮನೆಯ ಜಗಲಿಯಲ್ಲಿ. ಕನ್ನಡದಲ್ಲಿ ಚೆನ್ನಾಗಿ ತಿಳಿದ ಲೆಕ್ಕ ಇಂಗ್ಲಿಷಿಗೆ ಹೋದರೂ ಮರೆಯುವುದಿಲ್ಲ. ಇಂಗ್ಲಿಷಿನಲ್ಲಿ ತಿಳಿಯದೆ ಬಾಯಿಪಾಠ ಮಾಡಿದ್ದು ಪರೀಕ್ಷೆಯ ಮರುದಿನಕ್ಕೂ ಉಳಿಯುವುದಿಲ್ಲ. ಅವಕಲನ, ಅನುಕಲನ, ಪರಿಮಿತಿ, ಉತ್ಪನ್ನ ಎಂಬ ಮಾತುಗಳು ಕನ್ನಡದಲ್ಲಿ ಇಲ್ಲದಿಲ್ಲ. ಅವನ್ನು ಇಂಗ್ಲಿಷ್ ಹೆಸರುಗಳ ಜೊತೆಜೊತೆಗೇ ಮಕ್ಕಳ ಕಿವಿಗೆ ಹಾಕಿದರೆ ಪ್ಲಸ್ ಒನ್ನಿನ ಮೊದಲ ದಿನ ಅವರು ಬೆದರಬೇಕಾಗಿಲ್ಲ.

ಕಲಿಸುವವರ ವಿಷಯಕ್ಕೆ ಬಂದರೆ, ಹೇಳದೆ ಬಿಡಲಾಗದ ಮಾತೊಂದಿದೆ. ಈ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ ಪ್ರಕರಣಗಳು ಒಂದೆರಡಲ್ಲ. ಗಣಿತ ಮತ್ತು ವಿಜ್ಞಾನದ ಹುದ್ದೆಗಳಲ್ಲೂ ಹೀಗಾಗಿದೆ. ಮಕ್ಕಳೂ ಹೆತ್ತವರೂ ಶಾಲೆಯ ಎದುರು ಕುಳಿತು ಪ್ರತಿಭಟಿಸಿದ್ದಾರೆ, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಹಾಗೆ ಬಂದ ಅಧ್ಯಾಪಕರ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಮಲಯಾಳ ಮಾಧ್ಯಮದಲ್ಲಿ ಅವರು ಉತ್ತಮ ಅಧ್ಯಾಪಕರಾಗಿರಬಹುದು. ಮಲಯಾಳ ನಮ್ಮ ಮಕ್ಕಳಿಗೆ ಶತ್ರುವಿನ ಭಾಷೆಯೂ ಅಲ್ಲ. ಆದರೆ "ಲೆಕ್ಕಕ್ಕೆ ಭಾಷೆ ಏನು, ಬೋರ್ಡಿನಲ್ಲಿ ಅಂಕಿ ಬರೆದರೆ ಸಾಕು" ಎಂದು ಅಧಿಕಾರಿಗಳು ಹೇಳುವುದು ಶುದ್ಧ ತಪ್ಪು. ಅಂಕಿಗೆ ಭಾಷೆ ಬೇಡ. ಅಂಕಿಯ ಅರ್ಥಕ್ಕೆ ಬೇಕು. ಪ್ರಶ್ನೆ ಕೇಳಲು ಬೇಕು. ತಿಳಿಯಲಿಲ್ಲ ಎಂದು ಹೇಳಲಿಕ್ಕಂತೂ ಬೇಕೇಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ ಮಾತು 1956 ರಲ್ಲೇ ಸಂವಿಧಾನದ 350 ಎ ವಿಧಿಯಾಗಿ ಸೇರಿದೆ. ಅದೇ ವರ್ಷ ನವೆಂಬರ್ ಒಂದರಂದು ನಾವು ಕೇರಳಕ್ಕೆ ಸೇರಿದೆವು. ಇಷ್ಟು ವರ್ಷಗಳ ನಂತರವೂ ಕನ್ನಡ ಬಲ್ಲ ಗಣಿತ ಅಧ್ಯಾಪಕರಿಗಾಗಿ ಧರಣಿ ಕೂರಬೇಕಾಗಿರುವುದು ಖೇದಕರ.

ಆದರೆ ಸರಕಾರದ ಮೇಲೆ ದೂರು ಹೊರಿಸಿ ಕೈಕಟ್ಟಿ ಕುಳಿತರೆ ನಮ್ಮ ಪಾಲಿನ ತಪ್ಪು ಮುಚ್ಚಿಹೋಗುವುದಿಲ್ಲ. ಕನ್ನಡ ಬಲ್ಲ ಅಧ್ಯಾಪಕರಾದ ನಾವು ಕನ್ನಡದಲ್ಲೇ ಕಲಿಸಿಯೂ ಅರ್ಥ ಹೇಳದೆ ಬಿಟ್ಟೆವಲ್ಲ, ಅದಕ್ಕೆ ಯಾವ ಇಲಾಖೆಯನ್ನು ದೂರೋಣ?

ನಾವು ಮಾಡಬಹುದಾದುದು

ಹೆತ್ತವರಲ್ಲಿ ನಮ್ಮ ವಿನಂತಿ ಸಣ್ಣದು. ಮಗುವಿನ ಎದುರು "ನನಗೂ ಲೆಕ್ಕ ಬರುತ್ತಿರಲಿಲ್ಲ, ನಮ್ಮ ಮನೆಯವರಿಗೇ ಬರುವುದಿಲ್ಲ" ಎಂದು ನಗಬೇಡಿ. ಅಡಿಕೆಯ ಧಾರಣೆ, ಸೊಸೈಟಿಯ ಬಡ್ಡಿ, ಮದ್ದಿನ ಪ್ರಮಾಣ — ಇವೆಲ್ಲ ನಿಮಗೆ ಬರುತ್ತವೆ, ಅದೂ ಲೆಕ್ಕವೇ. ಜೀವಶಾಸ್ತ್ರ ತೆಗೆದುಕೊಳ್ಳುವ ಮಗು ಗಣಿತವನ್ನು ಪಾಸಾಗಲು ಮಾತ್ರ ಓದುವುದನ್ನು ಒಪ್ಪಬೇಡಿ. ನೀಟ್ ಒಂದು ಬಾಗಿಲು ಮಾತ್ರ. ಆ ಬಾಗಿಲು ಮುಚ್ಚಿದಾಗ ಇತರ ಬಾಗಿಲುಗಳ ಕೀಲಿಕೈಯನ್ನು ಮೊದಲೇ ಬಿಸಾಡಿರಬಾರದು.

ಸಹೋದ್ಯೋಗಿ ಅಧ್ಯಾಪಕರಲ್ಲಿಯೂ ಒಂದು ಮಾತು. ಹತ್ತನೆಯ ತರಗತಿಯ ಸಮಾಂತರ ಶ್ರೇಣಿಯನ್ನು ಕಲಿಸುವಾಗ ಅದು ಒಂದೇ ವೇಗದ ಬೆಳವಣಿಗೆಯೆಂದೂ, ಬ್ಯಾಕ್ಟೀರಿಯಾ ಬೆಳೆಯುವುದು ಹಾಗಲ್ಲ, ಇಮ್ಮಡಿಯಾಗುತ್ತಾ ಎಂದೂ ಎರಡು ವಾಕ್ಯ ಹೆಚ್ಚು ಹೇಳಿದರೆ ಪಾಠ ಮುಗಿಯದೆ ಹೋಗುವುದಿಲ್ಲ. ಸರಳರೇಖೆಯ ಇಳಿಜಾರನ್ನು ಕಲಿಸುವಾಗ ಅದು ವೇಗವೆಂದು ಹೇಳಿದರೆ ಕಲನಶಾಸ್ತ್ರದ ಅರ್ಧ ದಾರಿ ಅಲ್ಲೇ ಸವೆಯುತ್ತದೆ. ಜೀವಶಾಸ್ತ್ರದ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ಸ್ಟಾಫ್ ರೂಮಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತೇವೆ. ಪಾಠ ಮಾತ್ರ ಬೇರೆಬೇರೆ ಲೋಕದ್ದು ಎಂಬಂತೆ ಮಾಡುತ್ತೇವೆ. ಪರದೇಶಗಳಲ್ಲಿ ಇದನ್ನು ಮನಗಂಡಿದ್ದಾರೆ. ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರು ಜೀವವಿಜ್ಞಾನದ ಮಕ್ಕಳಿಗೆಂದೇ ಗಣಿತದ ಪಾಠವನ್ನು ಹೊಸದಾಗಿ ಕಟ್ಟಿ, ಬೇಟೆಯ ಪ್ರಾಣಿ, ಬಲಿಯ ಪ್ರಾಣಿ, ಹೃದಯದ ಬಡಿತಗಳಿಂದಲೇ ಕಲಿಸತೊಡಗಿ, 2017 ರಲ್ಲಿ ಅದರ ಪುಸ್ತಕವನ್ನೂ ಹೊರತಂದರು. ನಮಗೆ ಹೃದಯದ ಬಡಿತದವರೆಗೆ ಹೋಗಲಾಗದಿದ್ದರೆ ಕೊಳೆರೋಗದವರೆಗಾದರೂ ಹೋಗಬಹುದು.

ಮೂರನೆಯದು ನಾವೆಲ್ಲರೂ ಸೇರಿ ಮಾಡಬೇಕಾದುದು. ಹತ್ತನೆಯ ಪರೀಕ್ಷೆ ಮುಗಿದು ಪ್ಲಸ್ ಒನ್ ತೆರೆಯುವವರೆಗೆ ಎರಡು ತಿಂಗಳ ಮೇಲೆ ಬಿಡುವಿದೆ. ಆ ಬಿಡುವಿನಲ್ಲಿ ಹದಿನೈದು ದಿನಗಳ ಗಣಿತ ಶಿಬಿರವನ್ನು ಕನ್ನಡದಲ್ಲಿ ನಡೆಸುವುದು ಅಸಾಧ್ಯವೇನಲ್ಲ. ನಮ್ಮ ಊರುಗಳಲ್ಲಿ ವಾಚನಾಲಯಗಳಿವೆ, ಭಜನಾ ಮಂದಿರಗಳಿವೆ, ಮದ್ರಸಗಳ, ಇಗರ್ಜಿಗಳ ಸಭಾಂಗಣಗಳಿವೆ. ನಿವೃತ್ತ ಅಧ್ಯಾಪಕರಿದ್ದಾರೆ, ಇಂಜಿನಿಯರಿಂಗ್ ಓದುತ್ತಾ ರಜೆಗೆ ಬಂದ ನಮ್ಮದೇ ಹುಡುಗರಿದ್ದಾರೆ. ರಾತ್ರಿಯಿಡೀ ಯಕ್ಷಗಾನ ಆಡಿಸಲು ಚಂದಾ ಎತ್ತುವ ನಮಗೆ ಇಷ್ಟು ಕಷ್ಟವಾಗದು. ಕನ್ನಡ-ಇಂಗ್ಲಿಷ್ ಗಣಿತ ಪದಗಳ ಒಂದು ಪಟ್ಟಿ, ಒಂದು ಕಪ್ಪು ಹಲಗೆ, ತಪ್ಪು ಮಾಡಿದರೆ ನಗದ ಅಧ್ಯಾಪಕ — ಇಷ್ಟಿದ್ದರೆ ಸಾಕು.

ಆ ಹುಡುಗಿ ಕಳೆದ ರಜೆಗೆ ಬಂದಾಗ ನಮ್ಮ ಹತ್ತನೆಯ ತರಗತಿಗೆ ಬಂದು ಒಂದು ಗಂಟೆ ಮಾತನಾಡಿದಳು. ಕೊಳೆರೋಗದ ಲೆಕ್ಕವನ್ನೇ ಬೋರ್ಡಿನಲ್ಲಿ ಮಾಡಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅಕ್ಕ, ಐನೂರರಲ್ಲಿ ಯಾಕೆ ಹೆಚ್ಚು?" ಎಂದು ಕೇಳಿದ. ವರ್ಷವಿಡೀ ಬಾಯಿ ಬಿಡದಿದ್ದ ಹುಡುಗ.

ಈ ವರ್ಷವೂ ಫಲಿತಾಂಶ ಬರುತ್ತದೆ. ಜಗಲಿಯಲ್ಲಿ ಜನ ಸೇರುತ್ತಾರೆ. ಅದೇ ಪ್ರಶ್ನೆಯನ್ನು ಕೇಳುತ್ತಾರೆ. ನಮ್ಮ ಉತ್ತರ ಮಾತ್ರ ಹಳೆಯದಾಗಿರುವುದಿಲ್ಲ. ಲೆಕ್ಕ ಬೇಕು, ಚೆನ್ನಾಗಿಯೇ ಬೇಕು, ನಾವು ಹೇಳಿಕೊಡುತ್ತೇವೆ ಎಂದು ಹೇಳುತ್ತೇವೆ. ಇತರ ಅಧ್ಯಾಪಕರೂ ಹಾಗೆಯೇ ಹೇಳುವರೆಂದು ನಂಬಿದ್ದೇವೆ.